ತಮ್ಮನ ಹಾಸಿಗೆ ಹುಣ್ಣು: ಅಂಗಡಿ ಮುಚ್ಚಿಸಿ ಮಲಗಿಸಲೇಬೇಕೇ? ಅನುಭವ ಇರುವವರು ದಯವಿಟ್ಟು ಹೇಳಿ

ಗುಬ್ಬಿ_ಅಣ್ಣ · ಜೂನ್ 3, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಹೋದ ವರ್ಷ ಫೆಬ್ರವರಿಯಲ್ಲಿ ಹುಣಸೆಹಣ್ಣು ಬಡಿಯಲು ಮರ ಹತ್ತಿದ್ದ ನನ್ನ ತಮ್ಮ ಕೊಂಬೆ ಮುರಿದು ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಹೊಕ್ಕುಳಿನಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ವಯಸ್ಸು 27. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಎರಡು ತಿಂಗಳು ತರಬೇತಿಯೂ ಆಯಿತು. ಗಾಲಿಕುರ್ಚಿಗೆ ತಾನೇ ಹತ್ತಿ ಇಳಿಯುತ್ತಾನೆ.

ಏಳು ತಿಂಗಳ ಹಿಂದೆ ರಸ್ತೆಯ ಪಕ್ಕದಲ್ಲಿ ಅವನಿಗೊಂದು ಪೆಟ್ಟಿಗೆ ಅಂಗಡಿ ಇಟ್ಟುಕೊಟ್ಟೆವು. ಬೆಳಿಗ್ಗೆ 6ಕ್ಕೆ ಕುಳಿತರೆ ರಾತ್ರಿ 9ರವರೆಗೆ ಅಲ್ಲೇ. ನಮ್ಮ ತೆಂಗಿಗೆ ಕಪ್ಪುತಲೆ ಹುಳು ಬಿದ್ದ ಮೇಲೆ ಮನೆಗೆ ಅವನ ವ್ಯಾಪಾರವೇ ಆಸರೆ.

ಮೂರು ವಾರದ ಹಿಂದೆ ಅವನ ಪಂಚೆಯ ಮೇಲೆ ರಕ್ತದ ಕಲೆ ಇರುವುದನ್ನು ಅಮ್ಮ ನೋಡಿದರು. ಬಲಗಡೆ ಪೃಷ್ಠದಲ್ಲಿ, ಕುಳಿತಾಗ ಒತ್ತುವ ಮೂಳೆ ಇದೆಯಲ್ಲ, ಅಲ್ಲಿ ಗಾಯ. ಮೊದಲು ಒಂದು ರೂಪಾಯಿ ನಾಣ್ಯದಷ್ಟಿತ್ತು. ಈಗ ಕುಳಿಯಾಗಿದೆ, ಹೆಬ್ಬೆರಳಿನ ತುದಿ ಹೋಗುತ್ತದೆ. ಕೆಟ್ಟ ವಾಸನೆ ಇಲ್ಲ, ಜ್ವರ ಇಲ್ಲ. ಹತ್ತಿರದ ವೈದ್ಯರು ಪುಡಿ ಮತ್ತು ಮಾತ್ರೆ ಕೊಟ್ಟರು, ಕಡಿಮೆಯಾಗಲಿಲ್ಲ. ಪಟ್ಟಣದ ಸರ್ಜನ್ ಒಬ್ಬರು, "ಮೂರು ತಿಂಗಳು ಕೂರಲೇಬಾರದು, ಆಮೇಲೆ ಫ್ಲ್ಯಾಪ್, ಅಂದರೆ ಪಕ್ಕದ ಚರ್ಮ, ಮಾಂಸವನ್ನು ಸರಿಸಿ ಗಾಯ ಮುಚ್ಚುವ ಆಪರೇಷನ್, ಬೇಕಾಗಬಹುದು" ಎಂದರು. ತಮ್ಮ, "ನನಗೆ ನೋವೇ ಇಲ್ಲ, ಅಂಗಡಿ ಮುಚ್ಚುವುದಿಲ್ಲ" ಎಂದು ಹಟ ಹಿಡಿದಿದ್ದಾನೆ.

ಏನು ಹಚ್ಚಿದರೆ ಬೇಗ ಮಾಗುತ್ತದೆ? ನಡುವೆ ತೂತಿರುವ ಟ್ಯೂಬಿನ ಮೇಲೆ ಕೂರಿಸಿದರೆ ಆಗುತ್ತದೆಯೇ?

ಗಾಲಿ_ಮಧುಗಿರಿ · ಜೂನ್ 3, ರಾತ್ರಿ 10:41

ನಾನು ಗಾಲಿಕುರ್ಚಿಯಲ್ಲಿ 19 ವರ್ಷ ಕಳೆದವನು. ಮೂರು ಸಲ ಹುಣ್ಣಾಗಿದೆ, ಎರಡು ಸಲ ಫ್ಲ್ಯಾಪ್ ಆಗಿದೆ. ಮೊದಲ ಮಾತು: ಈ ರಾತ್ರಿಯಿಂದಲೇ ಆ ಗಾಯದ ಮೇಲೆ ಭಾರ ಬೀಳಬಾರದು.

ಏನು ಹಚ್ಚಬೇಕು ಎಂದು ಕೇಳಿದ್ದೀರಿ. ನಾನೂ ಮೊದಲ ಹುಣ್ಣಿಗೆ ಆರು ತಿಂಗಳು ಅದನ್ನೇ ಕೇಳುತ್ತ ಊರೂರು ತಿರುಗಿದೆ. ತುಮಕೂರಿನ ಔಷಧಿ ಅಂಗಡಿಗಳಲ್ಲಿ ಸಿಗುವ ಮುಲಾಮುಗಳನ್ನೆಲ್ಲ ಹಚ್ಚಿದೆ, ಹಚ್ಚಿದ ಮೇಲೆ ಮತ್ತೆ ಅದರ ಮೇಲೆಯೇ ಕುಳಿತೆ. ರಕ್ತ ಹರಿಯದ ಜಾಗದಲ್ಲಿ ಯಾವ ಮುಲಾಮು ತಾನೇ ಏನು ಮಾಡೀತು? ಮೂಳೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹೋಗುವುದಿಲ್ಲ. ಅದು ಉಸಿರುಗಟ್ಟಿ ಸಾಯುತ್ತದೆ. ನಿಮಗೆ ಒಂದು ಕಡೆ ಕುಳಿತು ಜೋಮು ಹಿಡಿದರೆ ಗೊತ್ತಿಲ್ಲದೆಯೇ ಅತ್ತಿತ್ತ ಸರಿಯುತ್ತೀರಿ. ನಮಗೆ ಆ ಸುದ್ದಿ ಮೆದುಳಿಗೆ ಮುಟ್ಟುವುದೇ ಇಲ್ಲ. "ನೋವೇ ಇಲ್ಲ" ಎಂದು ತಮ್ಮ ಹೇಳುತ್ತಿರುವುದು ಸಮಾಧಾನದ ಮಾತಲ್ಲ, ಅವನ ಅಪಾಯವೇ ಅದು.

ಇನ್ನೊಂದು ಮಾತು. ಕುಳಿತುಕೊಳ್ಳುವ ಮೂಳೆಯ ಹುಣ್ಣು ಬಹುಪಾಲು ಒಳಗಿನಿಂದ ಹೊರಗೆ ಬರುತ್ತದೆ. ಮೂಳೆಯ ಬಳಿಯ ಮಾಂಸ ಮೊದಲು ಸಾಯುತ್ತದೆ, ಚರ್ಮ ಕೊನೆಗೆ ಒಡೆಯುತ್ತದೆ. ಹೊರಗೆ ಒಂದು ರೂಪಾಯಿ ಕಂಡರೆ ಒಳಗೆ ಕಿತ್ತಳೆ ಹಣ್ಣಿನಷ್ಟು ಟೊಳ್ಳು ಇರಬಹುದು. ಸರ್ಜನ್ ಕಡ್ಡಿ ಹಾಕಿ ಆಳ ನೋಡಿದರೇ? ಮೂಳೆ ತಾಕಿತೇ?

ಶಿರಾ_ಲಾರಿ · ಜೂನ್ 3, ರಾತ್ರಿ 10:58

ಟ್ಯೂಬ್ ಒಳ್ಳೆಯದು. ನಮ್ಮ ತಂದೆಗೆ ಮೂಲವ್ಯಾಧಿಯ ಆಪರೇಷನ್ ಆದಾಗ ಒಂದು ತಿಂಗಳು ಅದರ ಮೇಲೆಯೇ ಕೂರಿಸಿದ್ದೆವು. ಆರಾಮವಾಗಿದ್ದರು.

ಫಿಸಿಯೋ_ಗೌರಿಬಿದನೂರು · ಜೂನ್ 3, ರಾತ್ರಿ 11:06

ಬೇಡ, ಬೇಡ. ಶಿರಾದವರೇ, ನಿಮ್ಮ ತಂದೆಗೆ ಸ್ಪರ್ಶ ಇತ್ತು, ಬೇಸರವಾದಾಗ ಎದ್ದು ಓಡಾಡುತ್ತಿದ್ದರು. ಬೆನ್ನುಹುರಿ ಪೆಟ್ಟಿನವರಿಗೆ ತೂತಿನ ಟ್ಯೂಬು, ಉಂಗುರದ ದಿಂಬು ಯಾವುದೂ ಕೂಡದು. ಉಂಗುರದ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ಬರುವ ರಕ್ತವನ್ನೇ ಕಟ್ಟುತ್ತದೆ. ಗಾಯದ ಸುತ್ತ ಊತ ಬಂದು ಕುಳಿ ಇನ್ನೂ ದೊಡ್ಡದಾಗುತ್ತದೆ. ಹಿಮ್ಮಡಿಯ ಕೆಳಗೆ ನೀರು ತುಂಬಿದ ಕೈಗವಸು ಇಡುವವರೂ ಇದ್ದಾರೆ, ಅದರಿಂದಲೂ ಪ್ರಯೋಜನವಿಲ್ಲ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಬೇಕು.

ಗುಬ್ಬಿಯವರೇ, ನನಗೊಂದು ವಿಷಯ ಬೇಕು. ತಮ್ಮ ದಿನವಿಡೀ ಎಲ್ಲೆಲ್ಲಿ ಕುಳಿತುಕೊಳ್ಳುತ್ತಾನೆ? ಗಾಲಿಕುರ್ಚಿ ಮಾತ್ರವಲ್ಲ. ಅಂಗಡಿ, ಬಚ್ಚಲು, ಶೌಚ, ಗಾಡಿ, ಎಲ್ಲವನ್ನೂ ಬರೆಯಿರಿ.

ಗುಬ್ಬಿ_ಅಣ್ಣ · ಜೂನ್ 4, ಬೆಳಿಗ್ಗೆ 6:20

ಕಡ್ಡಿ ಹಾಕಿ ನೋಡಿದರು, ಮೂಳೆ ತಾಕಲಿಲ್ಲ ಎಂದರು.

ಎಲ್ಲೆಲ್ಲಿ ಕೂರುತ್ತಾನೆ ಎಂದು ಕೇಳಿದ ಮೇಲೆ ನಿನ್ನೆ ರಾತ್ರಿ ಮಲಗಿಕೊಂಡು ಲೆಕ್ಕ ಹಾಕಿದೆ. ಅಂಗಡಿಯೊಳಗೆ ಗಾಲಿಕುರ್ಚಿ ಹಿಡಿಸುವುದಿಲ್ಲ. ಹೊರಗೆ ನಿಲ್ಲಿಸಿ ಒಳಗಿನ ಮರದ ಹಲಗೆಗೆ ಜಾರಿಕೊಳ್ಳುತ್ತಾನೆ. ಹಲಗೆಯ ಮೇಲೆ ಮಡಚಿದ ಗೋಣಿಚೀಲ. ಕುರ್ಚಿಯ ಜೊತೆ ಕೊಟ್ಟಿದ್ದ ಸ್ಪಂಜಿನ ದಿಂಬು ಕುರ್ಚಿಯಲ್ಲೇ ಇರುತ್ತದೆ. ಬಚ್ಚಲಿನಲ್ಲಿ ಕಲ್ಲುಚಪ್ಪಡಿಯ ಮೇಲೆ ಕುಳಿತು ಸ್ನಾನ. ಶೌಚಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಕುರ್ಚಿ, ಒಮ್ಮೊಮ್ಮೆ ಮುಕ್ಕಾಲು ಗಂಟೆ ಆಗುತ್ತದೆ.

ಬರೆಯುತ್ತಿರುವಾಗಲೇ ಅರ್ಥವಾಗುತ್ತಿದೆ. ಆ ಹಲಗೆಯನ್ನು ನಾನೇ ಕೂರಿಸಿಕೊಟ್ಟಿದ್ದೆ.

ಫಿಸಿಯೋ_ಗೌರಿಬಿದನೂರು · ಜೂನ್ 4, ಬೆಳಿಗ್ಗೆ 7:02

ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ತರಬೇತಿಯಲ್ಲಿ ದಿಂಬಿನ ಬಗ್ಗೆ ಹೇಳಿರುತ್ತಾರೆ, ಅಂಗಡಿಯ ಹಲಗೆಯ ಬಗ್ಗೆ ಯಾರು ಹೇಳಿರುತ್ತಾರೆ? ಆದರೆ ಕಾರಣ ಸಿಕ್ಕಿತು. 15 ಗಂಟೆ ಗೋಣಿಚೀಲದ ಮೇಲೆ ಕುಳಿತರೆ ಕಬ್ಬಿಣದಂಥ ಚರ್ಮವೂ ಉಳಿಯುವುದಿಲ್ಲ. ಇದನ್ನು ಬದಲಾಯಿಸದೆ ಫ್ಲ್ಯಾಪ್ ಮಾಡಿಸಿದರೆ ಒಂದು ವರ್ಷದೊಳಗೆ ಮತ್ತೆ ಅಲ್ಲಿಗೇ ಬರುತ್ತೀರಿ. ಅಂಥವರನ್ನು ಕಣ್ಣಾರೆ ನೋಡಿದ್ದೇನೆ.

ಸ್ಪಂಜಿನ ದಿಂಬನ್ನೂ ಪರೀಕ್ಷೆ ಮಾಡಿ. ತಮ್ಮ ಅದರ ಮೇಲೆ ಕುಳಿತಿರುವಾಗ ಕೆಳಗೆ ಕೈ ತೂರಿಸಿ. ನಿಮ್ಮ ಬೆರಳಿಗೆ ಅವನ ಮೂಳೆ ನೇರವಾಗಿ ಸಿಕ್ಕಿದರೆ ಆ ಸ್ಪಂಜು ಸತ್ತಿದೆ ಎಂದೇ ಅರ್ಥ. (ಗಾಯ ಮಾಗುವವರೆಗೆ ಈ ಪರೀಕ್ಷೆಗೂ ಕೂರಿಸಬೇಡಿ. ಆಮೇಲೆ ಮಾಡಿ.)

ಕೊರಟಗೆರೆ_ಹಿತ್ತಲು · ಜೂನ್ 4, ಬೆಳಿಗ್ಗೆ 8:30

ನಮ್ಮ ಅಜ್ಜಿಗೆ ಜ್ವರ ಬಂದು ಮಲಗಿದಾಗ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಬೇವಿನ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆವು, 20 ದಿನದಲ್ಲಿ ಮಾಯವಾಯಿತು. ಎಲ್ಲದಕ್ಕೂ ಬೆಂಗಳೂರಿನ ಆಸ್ಪತ್ರೆಗೆ ಓಡಬೇಕಾಗಿಲ್ಲ. ನಮ್ಮ ಹಿರಿಯರಿಗೂ ಬುದ್ಧಿ ಇತ್ತು.

ಕೋಲಾರ_ನಿವೃತ್ತ_ದಾದಿ · ಜೂನ್ 4, ಬೆಳಿಗ್ಗೆ 9:14

ಹಿರಿಯರ ಬುದ್ಧಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಅಜ್ಜಿಗೆ ಆಗಿದ್ದು ಮೇಲ್ಚರ್ಮ ಸುಲಿದ ಹುಣ್ಣು. ಜ್ವರ ಬಿಟ್ಟು ಎದ್ದು ಓಡಾಡಿದ್ದರಿಂದ ಮಾಗಿತು. ಆ 20 ದಿನ ಏನನ್ನೂ ಹಚ್ಚದೆ ಬಿಟ್ಟಿದ್ದರೂ ಮಾಗುತ್ತಿತ್ತೇನೋ.

ಹುಣ್ಣಿನಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದರಲ್ಲಿ ಚರ್ಮ ಒಡೆದಿರುವುದಿಲ್ಲ, ಕೆಂಪಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾಗುವುದಿಲ್ಲ. ನಮ್ಮಂಥ ಕಪ್ಪು ಚರ್ಮದವರಲ್ಲಿ ಆ ಕೆಂಪು ಕಾಣುವುದೇ ಇಲ್ಲ, ಆದ್ದರಿಂದ ಮುಟ್ಟಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು. ಎರಡನೆಯದರಲ್ಲಿ ಮೇಲ್ಚರ್ಮ ಸುಲಿಯುತ್ತದೆ ಅಥವಾ ಗುಳ್ಳೆ ಏಳುತ್ತದೆ. ಮೂರನೆಯದು ಕುಳಿ, ಕೊಬ್ಬು ಕಾಣುತ್ತದೆ. ನಾಲ್ಕನೆಯದರಲ್ಲಿ ಸ್ನಾಯು, ಮೂಳೆ ಕಾಣುತ್ತವೆ. ಗುಬ್ಬಿಯ ಹುಡುಗನದು ಮೂರನೆಯದಿರಬೇಕು. ಮೂರನೆಯದಕ್ಕೆ ಎಣ್ಣೆ ಹೊಯ್ದು ಕಾಯುವುದು ತಪ್ಪು.

ನಾನು 34 ವರ್ಷ ವಾರ್ಡುಗಳಲ್ಲಿ ದುಡಿದಿದ್ದೇನೆ. ನಮಗೆ ಕಲಿಸಿದ್ದೇ ಬೆನ್ನಿಗೆ ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿ, ಮೇಲೆ ಪೌಡರ್ ಉದುರಿಸುವುದು. ಕೆಂಪಾದ ಜಾಗವನ್ನು ಇನ್ನೂ ಜೋರಾಗಿ ಉಜ್ಜುತ್ತಿದ್ದೆವು. ಅದು ಮೊದಲೇ ಪೆಟ್ಟಾದ ಮಾಂಸವನ್ನು ಮತ್ತಷ್ಟು ಹಿಸುಕಿದಂತೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈಗಲೂ ಅನೇಕ ಮನೆಗಳಲ್ಲಿ ಅದನ್ನೇ ಮಾಡುತ್ತಿದ್ದಾರೆ. ದಯವಿಟ್ಟು ನಿಲ್ಲಿಸಿ.

ಡ್ರೆಸ್ಸಿಂಗ್ ಬಗ್ಗೆ: ತೊಳೆಯಲು ನಾರ್ಮಲ್ ಸಲೈನ್ ಸಾಕು. ಔಷಧಿ ಅಂಗಡಿಯಲ್ಲಿ ಬಾಟಲಿ ಸಿಗುತ್ತದೆ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿದ ನೀರಿಗೆ ಅಂಚಿಗೆ ಸಮನಾಗಿ ಒಂದೂವರೆ ಟೀ ಚಮಚ ಉಪ್ಪು, ಅಂದರೆ ಸುಮಾರು 9 ಗ್ರಾಂ. ಆರಿದ ಮೇಲೆ ಬಳಸಿ, ದಿನಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳಿ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಕೆಂಪು ಮಾಂಸ ಬೆಳೆಯುತ್ತಿರುವ ಶುದ್ಧ ಗಾಯಕ್ಕೆ ದಿನವೂ ಅಯೋಡಿನ್ ದ್ರಾವಣ ಸುರಿಯುವುದೂ ಬೇಡ, ಹೊಸ ಜೀವಕೋಶಗಳೂ ಸುಟ್ಟುಹೋಗುತ್ತವೆ. ಕುಳಿಗೆ ಸಲೈನಿನಲ್ಲಿ ನೆನೆಸಿ ಹಿಂಡಿದ ಗಾಜ್ ಬಟ್ಟೆಯನ್ನು ಸಡಿಲವಾಗಿ ತುಂಬಿ. ಗಿಡಿದು ತುಂಬಿದರೆ ಅದೇ ಇನ್ನೊಂದು ಒತ್ತಡ. ಪುಡಿ ಹಾಕಿದರೆ ಗಡ್ಡೆ ಕಟ್ಟುತ್ತದೆ, ಕೆಳಗೆ ಕೀವಿದ್ದರೂ ಕಾಣುವುದಿಲ್ಲ.

ಕೊರಟಗೆರೆ_ಹಿತ್ತಲು · ಜೂನ್ 4, ಬೆಳಿಗ್ಗೆ 9:40

ಜೇನುತುಪ್ಪ? ಅದನ್ನೂ ಬೇಡ ಎನ್ನುತ್ತೀರಾ? ಅದನ್ನು ಆಸ್ಪತ್ರೆಗಳಲ್ಲೇ ಬಳಸುತ್ತಾರೆ.

ಕೋಲಾರ_ನಿವೃತ್ತ_ದಾದಿ · ಜೂನ್ 4, ಬೆಳಿಗ್ಗೆ 9:55

ಬಳಸುತ್ತಾರೆ, ನಿಜ. ಅಲ್ಲಿ ಬಳಸುವುದು ಗಾಯಕ್ಕೆಂದೇ ಕ್ರಿಮಿಶುದ್ಧಿ ಮಾಡಿದ ಜೇನು. ಅಂಗಡಿಯ ಬಾಟಲಿಯಲ್ಲಿ ಸಕ್ಕರೆ ಪಾಕ ಎಷ್ಟಿದೆ ಎಂದು ಯಾರಿಗೆ ಗೊತ್ತು? ಡ್ರೆಸ್ಸಿಂಗ್ ಮಾಡುವವರನ್ನು ಕೇಳಿ ಬಳಸಲಿ. ಅದಕ್ಕೆ ನನ್ನ ವಿರೋಧವಿಲ್ಲ.

ಶಿಡ್ಲಘಟ್ಟ_ರೇಷ್ಮೆ · ಜೂನ್ 4, ಮಧ್ಯಾಹ್ನ 1:10

ಗಾಳಿ ಹಾಸಿಗೆ ತಂದುಕೊಡಿ, ಎಲ್ಲ ಸರಿಹೋಗುತ್ತದೆ. ಪಂಪ್ ತಾನೇ ಗಾಳಿಯನ್ನು ಅತ್ತಿತ್ತ ಮಾಡುತ್ತದೆ, ಮಗ್ಗುಲು ಬದಲಾಯಿಸುವ ಕೆಲಸವೇ ಇಲ್ಲ.

ಪಾವಗಡ_ಬಿಸಿಲು · ಜೂನ್ 4, ಮಧ್ಯಾಹ್ನ 1:32

ಇದೇ ಮಾತನ್ನು ನಂಬಿ ನಮ್ಮ ಚಿಕ್ಕಪ್ಪನನ್ನು ಕಳೆದುಕೊಂಡೆವು. ಗಾಳಿ ಹಾಸಿಗೆ ಇದೆಯಲ್ಲ ಎಂದು ರಾತ್ರಿ ಯಾರೂ ಏಳುತ್ತಿರಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಹಾಸಿಗೆ ಚಪ್ಪಟೆಯಾಗಿ ಬರಿಯ ಮಂಚದ ಪಟ್ಟಿಯ ಮೇಲೆ ಮಲಗಿದಂತೆ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಬೆವರು. ಒದ್ದೆ ಚರ್ಮ ನೆನೆದ ಕಾಗದದಂತೆ ಸುಲಿದುಬರುತ್ತದೆ. ಸೊಂಟದ ಹಿಂದಿನ ಗಾಯ ಮೂಳೆಗೆ ಇಳಿದು ನಂಜು ರಕ್ತಕ್ಕೆ ಸೇರಿತು. ತಿರುಮಣಿಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಬೆಳೆಯುವ ತಾಲ್ಲೂಕು ನಮ್ಮದು, ಒಂದು ಪುಟ್ಟ ಪಂಪಿಗೆ ರಾತ್ರಿಯಿಡೀ ಕರೆಂಟ್ ಇರಲಿಲ್ಲ.

ಶಿಡ್ಲಘಟ್ಟ_ರೇಷ್ಮೆ · ಜೂನ್ 4, ಮಧ್ಯಾಹ್ನ 1:50

ಕ್ಷಮಿಸಿ. ನನಗೆ ಗೊತ್ತಿರಲಿಲ್ಲ.

ಫಿಸಿಯೋ_ಗೌರಿಬಿದನೂರು · ಜೂನ್ 4, ಮಧ್ಯಾಹ್ನ 2:15

ಗಾಳಿ ಹಾಸಿಗೆ ಒಳ್ಳೆಯದೇ, ಆದರೆ ಅದು ಸಹಾಯಕ್ಕೆ ಮಾತ್ರ. ಅದರ ಮೇಲೆ ಮಲಗಿದರೂ ಮಗ್ಗುಲು ಬದಲಾಯಿಸಬೇಕು. ಶುರುವಿನಲ್ಲಿ ಎರಡು ಗಂಟೆಗೊಮ್ಮೆ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ತೊಡೆಸಂದಿಯ ಹೊರಮೂಳೆ ಒತ್ತುತ್ತದೆ, ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ವಾಲಿಸಿ. ಟಿವಿ ನೋಡಲು ಮಂಚದ ತಲೆಭಾಗವನ್ನು ಎತ್ತರಿಸಿ ಅರ್ಧ ಕೂರಿಸುವುದು ಬಹಳ ಕೆಟ್ಟದ್ದು. ಮೈ ಕೆಳಗೆ ಜಾರುತ್ತದೆ, ಚರ್ಮ ಬಟ್ಟೆಗೆ ಅಂಟಿ ಅಲ್ಲೇ ನಿಲ್ಲುತ್ತದೆ, ಒಳಗೆ ರಕ್ತನಾಳ ತಿರುಚಿಕೊಳ್ಳುತ್ತದೆ.

ಚಿಂತಾಮಣಿ_ಅಕ್ಕ · ಜೂನ್ 4, ರಾತ್ರಿ 9:05

ಎಲ್ಲರೂ ಎರಡು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಎಂದು ಬರೆಯುತ್ತಿದ್ದೀರಿ. ಯಾರು ತಿರುಗಿಸಬೇಕು ಎಂದು ಯಾರೂ ಬರೆಯಲಿಲ್ಲ.

ನನ್ನ ಗಂಡನಿಗೆ ಕುತ್ತಿಗೆಯಲ್ಲಿ ಪೆಟ್ಟು. ಆರು ವರ್ಷದಿಂದ 11, 1, 3, 5ಕ್ಕೆ ಅಲಾರಂ. 5ಕ್ಕೆ ಎದ್ದರೆ ಹಾಲು ಕರೆದು ಡೈರಿಗೆ ಹಾಕಬೇಕು, ಮಕ್ಕಳಿಗೆ ಡಬ್ಬಿ ಕಟ್ಟಬೇಕು. ಒಂದು ರಾತ್ರಿ ಅಲಾರಂ ಕೇಳಿಸದೆ ಬೆಳಗಿನವರೆಗೆ ಮಲಗಿಬಿಟ್ಟೆ. ಅವರ ಬೆನ್ನ ಕೆಳಗೆ ಅಂಗೈಯಷ್ಟು ನೇರಳೆ ಕಲೆ. "ಹೆಂಡತಿ ಸರಿಯಾಗಿ ನೋಡಿಕೊಂಡಿಲ್ಲ" ಎಂದು ನೋಡಲು ಬಂದವರೆಲ್ಲ ಹೇಳಿದರು. ಬಂದವರು ಒಂದು ರಾತ್ರಿ ಉಳಿದು ಒಂದು ಸಲ ಮಗ್ಗುಲು ತಿರುಗಿಸಿದ್ದರೆ ನನಗೆ ನಾಲ್ಕು ಗಂಟೆ ನಿದ್ದೆ ಸಿಗುತ್ತಿತ್ತು.

ಗುಬ್ಬಿಯವರೇ, ನಿಮ್ಮ ಅಮ್ಮನೊಬ್ಬರ ಮೇಲೆಯೇ ಹಾಕಬೇಡಿ.

ಗಾಲಿ_ಮಧುಗಿರಿ · ಜೂನ್ 4, ರಾತ್ರಿ 9:30

ಅಕ್ಕ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನನ್ನ ತಾಯಿ 11 ವರ್ಷ ಹಾಗೆ ಎದ್ದರು.

ಬೋರಲು ಮಲಗುವುದನ್ನು ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ನನ್ನ ಮನೆಯ ರಾತ್ರಿಗಳನ್ನು ಬದಲಾಯಿಸಿದ್ದು ಅದೇ. ಬೋರಲು ಮಲಗಿದರೆ ಸೊಂಟದ ಹಿಂಭಾಗ, ಕುಳಿತುಕೊಳ್ಳುವ ಮೂಳೆ, ಹಿಮ್ಮಡಿ ಮೂರಕ್ಕೂ ಬಿಡುಗಡೆ. ಎದೆಯ ಕೆಳಗೊಂದು, ತೊಡೆಯ ಕೆಳಗೊಂದು, ಮೊಣಕಾಲಿನ ಕೆಳಗೊಂದು ದಿಂಬು. ಪಾದಗಳು ಹಾಸಿಗೆಯ ಅಂಚಿನಿಂದ ಆಚೆಗೆ ಇಳಿಬಿದ್ದಿರಬೇಕು, ಇಲ್ಲದಿದ್ದರೆ ಹೆಬ್ಬೆರಳು ಒತ್ತುತ್ತದೆ. ಮೂತ್ರದ ಕ್ಯಾತಿಟರ್ ನಳಿಕೆ ಹೊಟ್ಟೆಯಡಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಮೊದಲು ಅರ್ಧ ಗಂಟೆ, ಚರ್ಮ ನೋಡಿ ಮುಂದಿನ ವಾರ ಒಂದು ಗಂಟೆ, ಹಾಗೇ ಹಿಗ್ಗಿಸುತ್ತ ಹೋದೆ. ಈಗ ರಾತ್ರಿ 6 ಗಂಟೆ ಯಾರನ್ನೂ ಎಬ್ಬಿಸದೆ ಮಲಗುತ್ತೇನೆ. ಕುತ್ತಿಗೆಯ ಪೆಟ್ಟಿನವರಿಗೆ ಉಸಿರಾಟದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಮಾಡಬಾರದು, ಅಕ್ಕ.

ಮುಳಬಾಗಿಲು_ದೋಸೆ · ಜೂನ್ 4, ರಾತ್ರಿ 9:48

ಕುತ್ತಿಗೆಯ ಪೆಟ್ಟಿನ ಮಾತು ಬಂತಲ್ಲ, ಒಂದು ಎಚ್ಚರಿಕೆ. ನನ್ನ ಸ್ನೇಹಿತನಿಗೂ ಕುತ್ತಿಗೆಯಲ್ಲೇ ಪೆಟ್ಟು. ಒಂದು ದಿನ ತಲೆ ಸಿಡಿಯುವಂಥ ನೋವು, ಮುಖವೆಲ್ಲ ಕೆಂಪು, ಹಣೆಯಲ್ಲಿ ಬೆವರು. ಒಂದು ಕ್ಲಿನಿಕ್ಕಿನಲ್ಲಿ ರಕ್ತದೊತ್ತಡ ವಿಪರೀತ ಇದೆ ಎಂದು ಮಲಗಿಸಿ ಮಾತ್ರೆ ಕೊಟ್ಟರು. ಇಳಿಯಲೇ ಇಲ್ಲ. ಆಮೇಲೆ ನೋಡಿದರೆ ಕ್ಯಾತಿಟರ್ ಮಡಚಿಕೊಂಡಿತ್ತು, ಜೊತೆಗೆ ಹೊಸದಾಗಿ ಹುಣ್ಣೊಂದು ಎದ್ದಿತ್ತು.

ಫಿಸಿಯೋ_ಗೌರಿಬಿದನೂರು · ಜೂನ್ 4, ರಾತ್ರಿ 10:10

ಇದನ್ನು ಎಲ್ಲರೂ ಓದಿ. ಎದೆಯ ಆರನೆಯ ಬೆನ್ನುಹುರಿ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಕೆಳಗೆ ಎಲ್ಲೋ ಒತ್ತುತ್ತಿದ್ದರೂ ನೋವು ತಿಳಿಯುವುದಿಲ್ಲ, ಬದಲಿಗೆ ರಕ್ತದೊತ್ತಡ ದಿಢೀರನೆ ಏರುತ್ತದೆ. ಪ್ರಾಣಕ್ಕೇ ಅಪಾಯ. ಮಲಗಿಸಬಾರದು, ತಕ್ಷಣ ಎದ್ದು ಕೂರಿಸಬೇಕು. ಬಿಗಿ ಬಟ್ಟೆ, ಬೆಲ್ಟ್ ಸಡಿಲಿಸಿ, ಮೂತ್ರದ ನಳಿಕೆ ನೋಡಿ, ಮಲ ಕಟ್ಟಿದೆಯೇ ನೋಡಿ, ಚರ್ಮ ನೋಡಿ. ಕಾರಣ ತೆಗೆದರೆ ಒತ್ತಡ ಇಳಿಯುತ್ತದೆ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ. ಗುಬ್ಬಿಯ ಹುಡುಗನ ಪೆಟ್ಟು ಕೆಳಗಿದೆ, ಅವನಿಗೆ ಈ ಭಯ ಕಡಿಮೆ.

ನಿರ್ವಾಹಕ · ಜೂನ್ 5, ಬೆಳಿಗ್ಗೆ 7:00

ಗಾಯದ ಚಿತ್ರಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಎರಡು ಚಿತ್ರಗಳನ್ನು ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ.

ತುರುವೇಕೆರೆ_ತೆಂಗು · ಜೂನ್ 5, ಬೆಳಿಗ್ಗೆ 8:12

ಊಟದ ಬಗ್ಗೆ ಯಾರೂ ಕೇಳಲಿಲ್ಲ. ಗಾಯ ತುಂಬುವುದು ಊಟದಿಂದ. ದಿನಕ್ಕೆ ನಾಲ್ಕು ಮೊಟ್ಟೆ ಕೊಡಿ.

ಗುಬ್ಬಿ_ಅಣ್ಣ · ಜೂನ್ 5, ಬೆಳಿಗ್ಗೆ 8:30

ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಎರಡು ಹೊತ್ತು ಮುದ್ದೆ, ಬಸ್ಸಾರು ತಿನ್ನುತ್ತಾನೆ. ಹೊಟ್ಟೆ ತುಂಬ ತಿನ್ನುತ್ತಾನೆ.

ತುರುವೇಕೆರೆ_ತೆಂಗು · ಜೂನ್ 5, ಬೆಳಿಗ್ಗೆ 8:33

ಜೀವಕ್ಕಿಂತ ಆಚಾರ ದೊಡ್ಡದೇ?

ಕೋಲಾರ_ನಿವೃತ್ತ_ದಾದಿ · ಜೂನ್ 5, ಬೆಳಿಗ್ಗೆ 9:20

ಜಗಳ ಬೇಡ. ಮೊಟ್ಟೆ ಇಲ್ಲದೆಯೂ ಆಗುತ್ತದೆ, ಆದರೆ ಲೆಕ್ಕ ಇಟ್ಟು ತಿನ್ನಬೇಕು. ಹುಣ್ಣಿದ್ದವರಿಗೆ ದೇಹದ ತೂಕದ ಪ್ರತಿ ಕಿಲೋಗೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಹುಡುಗನಿಗೆ 62ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16, ನೂರು ಗ್ರಾಂ ಹುರುಳಿಕಾಳಿನಲ್ಲಿ 22, ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ 25. ರಾಗಿ ಹಿಟ್ಟು ನೂರು ಗ್ರಾಂಗೆ ಸುಮಾರು 7 ಗ್ರಾಂ ಮಾತ್ರ.

ಬಸ್ಸಾರಿನ ವಿಷಯ ಕೇಳಿ. ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ. ನಮ್ಮಲ್ಲಿ ದುಡಿಯುವ ಗಂಡಸರ ತಟ್ಟೆಗೆ ಪಲ್ಯ ಬೀಳುತ್ತದೆ, ಮಲಗಿದವರಿಗೆ ಮುದ್ದೆಯ ಮೇಲೆ ಸಾರು ಸುರಿದು ಕೊಡುತ್ತಾರೆ. ಆ ಕಾಳು ಇವನ ತಟ್ಟೆಗೆ ಬೀಳಲಿ. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆ ಇದ್ದರೆ ಗಾಯ ಇದ್ದ ಹಾಗೇ ಇರುತ್ತದೆ. ಬೀಡಿ ಸೇದುತ್ತಾನೆಯೇ?

ಗುಬ್ಬಿ_ಅಣ್ಣ · ಜೂನ್ 5, ಬೆಳಿಗ್ಗೆ 9:31

ಅಂಗಡಿಯಲ್ಲೇ ಇರುತ್ತದಲ್ಲ. ದಿನಕ್ಕೊಂದು ಕಟ್ಟು.

ಕೋಲಾರ_ನಿವೃತ್ತ_ದಾದಿ · ಜೂನ್ 5, ಬೆಳಿಗ್ಗೆ 9:34

ನಿಲ್ಲಿಸಲಿ. ಬೀಡಿ ರಕ್ತನಾಳಗಳನ್ನು ಕುಗ್ಗಿಸುತ್ತದೆ.

ಕ್ಯಾತಸಂದ್ರ_ಮೇಷ್ಟ್ರು · ಜೂನ್ 5, ಬೆಳಿಗ್ಗೆ 11:00

ಒಂದು ಇತಿಹಾಸದ ಮಾತು ಹೇಳಬೇಕೆನಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರನ್ನು ಬದುಕುವುದಿಲ್ಲವೆಂದೇ ಬಿಟ್ಟುಬಿಡುತ್ತಿದ್ದರು. ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಅವರು ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ಎಂಬ ವೈದ್ಯರು ಅವರಿಗಾಗಿಯೇ ಕೇಂದ್ರ ತೆರೆದರು. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಲೇಬೇಕು ಎಂದು ನಿಯಮ ಮಾಡಿದರು. ಸಾಯುತ್ತಾರೆ ಎಂದವರು ಎದ್ದು ಕುಳಿತರು. 1948ರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ಬಿಲ್ಲುವಿದ್ಯೆಯ ಸ್ಪರ್ಧೆಗಿಳಿದರು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ.

ಚಿಂತಾಮಣಿ_ಅಕ್ಕ · ಜೂನ್ 5, ಬೆಳಿಗ್ಗೆ 11:20

ಅಲ್ಲಿ ತಿರುಗಿಸಲು ಸಂಬಳ ಕೊಟ್ಟು ಜನ ಇಟ್ಟಿದ್ದರು, ಮೇಷ್ಟ್ರೇ.

ಕ್ಯಾತಸಂದ್ರ_ಮೇಷ್ಟ್ರು · ಜೂನ್ 5, ಬೆಳಿಗ್ಗೆ 11:26

ನಿಜ, ತಾಯಿ. ಒಪ್ಪಿಕೊಂಡೆ.

ಬಾಗೇಪಲ್ಲಿ_ಕಲ್ಲು · ಜೂನ್ 5, ಮಧ್ಯಾಹ್ನ 12:40

ದುಡ್ಡಿನ ವಿಷಯ. ನಮ್ಮ ಅಣ್ಣ ಕಲ್ಲುಕ್ವಾರಿಯಲ್ಲಿ ಬಿದ್ದವನು. ಫ್ಲ್ಯಾಪಿಗೆ ಮೊದಲು ಎಲ್ಲಿ ಹೋಗಬೇಕೆಂದು ತಿಳಿಯದೆ ಸಾಲ ಮಾಡಿದೆವು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಬರೆಸಿಕೊಳ್ಳಿ. ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿದ್ದೀರಾ? ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಹಿಡಿಯಿರಿ. ಬೆಂಗಳೂರಿನ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ 1959ರಿಂದ ಇದೆ, ಬೆನ್ನುಹುರಿ ಪೆಟ್ಟಿನವರ ಪುನರ್ವಸತಿ ಅವರ ಕೆಲಸಗಳಲ್ಲೊಂದು.

ಪೆಟ್ಟಿಗೆ_ಅಂಗಡಿ · ಜೂನ್ 5, ರಾತ್ರಿ 10:50

ನಾನೇ ಆ ತಮ್ಮ. ಅಣ್ಣ ಮಲಗಿದ ಮೇಲೆ ಅವನ ಮೊಬೈಲಿನಲ್ಲಿ ಎಲ್ಲವನ್ನೂ ಓದಿದೆ.

ನನ್ನ ಗಾಯ, ನನ್ನ ಊಟ, ನನ್ನ ಬೀಡಿ ಎಲ್ಲದರ ಬಗ್ಗೆಯೂ ಮಾತಾಡಿದ್ದೀರಿ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ, ಬೇಸರವಿಲ್ಲ. ಆದರೆ ಅಂಗಡಿ ಯಾಕೆ ಬಿಡುವುದಿಲ್ಲ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಬರಿಯ ದುಡ್ಡಿಗಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಐದು ತಿಂಗಳು ಹಿಂದಿನ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿದ್ದೆ. ಬಂದವರೆಲ್ಲ ಅಯ್ಯೋ ಪಾಪ ಎಂದು ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಅಂಗಡಿಗೆ ಬಂದ ಮೇಲೆ ಜನ ನನ್ನ ಹತ್ತಿರ ಚೌಕಾಸಿ ಮಾಡುತ್ತಾರೆ, ಬಯ್ಯುತ್ತಾರೆ, ಸಾಲ ಕೇಳುತ್ತಾರೆ. ಮತ್ತೆ ಮೂರು ತಿಂಗಳು ಆ ಗೋಡೆಯ ಮುಂದೆ ಮಲಗು ಎಂದರೆ ನಾನು ಮಲಗಲಾರೆ. ಕಾಲು ಹೋದರೂ ಚಿಂತೆಯಿಲ್ಲ ಎಂದು ಅಣ್ಣನಿಗೆ ಹೇಳಿದ್ದೇನೆ.

ಗಾಲಿ_ಮಧುಗಿರಿ · ಜೂನ್ 5, ರಾತ್ರಿ 11:12

ತಮ್ಮಾ, ಹೋಗುವುದು ಕಾಲಲ್ಲ. ಪಾವಗಡದವರು ಬರೆದಿದ್ದನ್ನು ಮತ್ತೊಮ್ಮೆ ಓದು.

ಆದರೆ ಗೋಡೆಯ ಮಾತು ನನಗೆ ಗೊತ್ತು. ನನ್ನ ಗೋಡೆಯಲ್ಲಿ ಎಷ್ಟು ಬಿರುಕುಗಳಿದ್ದವೆಂದು ಇವತ್ತಿಗೂ ಹೇಳಬಲ್ಲೆ. ಒಂದು ಪ್ರಶ್ನೆ ಕೇಳುತ್ತೇನೆ. ಕೂರಬಾರದು ಎಂದರೆ ಅಂಗಡಿಗೆ ಹೋಗಬಾರದು ಎಂದು ಯಾರು ಹೇಳಿದರು? ಬೋರಲು ಮಲಗುವ ಗಾಡಿ ಎಂದೊಂದು ಇದೆ. ಪುನರ್ವಸತಿ ಕೇಂದ್ರಗಳಲ್ಲಿ ಹುಣ್ಣಿದ್ದವರನ್ನು ಅದರ ಮೇಲೆ ಮಲಗಿಸುತ್ತಾರೆ. ಉದ್ದನೆಯ ಹಲಗೆ, ಮೇಲೆ ದಪ್ಪ ಸ್ಪಂಜು, ಕೆಳಗೆ ನಾಲ್ಕು ಚಕ್ರ. ಎದೆಯ ಕೆಳಗೆ ದಿಂಬಿಟ್ಟು ಮೊಣಕೈ ಊರಿದರೆ ಎರಡೂ ಕೈಗಳಿಗೆ ಬಿಡುವು. ನಾನು ಎರಡನೆಯ ಫ್ಲ್ಯಾಪಿಗೆ ಮೊದಲು ಅದರ ಮೇಲೆ ಮಲಗಿಯೇ ನಾಲ್ಕು ತಿಂಗಳು ಮೊಬೈಲ್ ರಿಪೇರಿ ಮಾಡಿದ್ದೇನೆ.

ಪೆಟ್ಟಿಗೆ_ಅಂಗಡಿ · ಜೂನ್ 5, ರಾತ್ರಿ 11:15

ಅಳತೆ ಕಳಿಸುತ್ತೀರಾ?

ಗಾಲಿ_ಮಧುಗಿರಿ · ಜೂನ್ 5, ರಾತ್ರಿ 11:34

ಉದ್ದ ನಿನ್ನ ಎದೆಯಿಂದ ಕಣಕಾಲಿನವರೆಗೆ ಸಾಕು, ಪಾದ ಹೊರಗೆ ಇಳಿಬೀಳಲಿ. ಅಗಲ ಎರಡು ಅಡಿ. ಎತ್ತರ ನಿನ್ನ ಗಲ್ಲಾಪೆಟ್ಟಿಗೆಗೆ ಸರಿಯಾಗಿ, ಆದರೆ ಹಾಸಿಗೆಯಿಂದ ಜಾರಿಕೊಳ್ಳಲು ಆಗುವಷ್ಟು. ಚಕ್ರಕ್ಕೆ ಬಿರಿ ಇರಲೇಬೇಕು. ಸ್ಪಂಜು ನಾಲ್ಕು ಇಂಚಿಗಿಂತ ಕಡಿಮೆ ಬೇಡ. ಪಕ್ಕೆಲುಬು, ಸೊಂಟದ ಮುಂದಿನ ಮೂಳೆ, ಮೊಣಕಾಲು ಇವು ಈಗ ಒತ್ತುವ ಜಾಗಗಳು. ಮೊದಲ ದಿನ ಅರ್ಧ ಗಂಟೆ ಮಾತ್ರ, ಇಳಿದ ಮೇಲೆ ಕನ್ನಡಿ ಹಿಡಿದು ನೋಡು. ಕೆಂಪು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಮರುದಿನ ಸಮಯ ಕಡಿಮೆ ಮಾಡು. ಶೌಚದ ಕುರ್ಚಿಗೂ ಸ್ಪಂಜಿನ ಹೊದಿಕೆ ಹಾಕಿಸಿ. ಸ್ನಾನ ಸದ್ಯಕ್ಕೆ ಮಲಗಿಕೊಂಡೇ.

ಶಿರಾ_ಲಾರಿ · ಜೂನ್ 6, ಬೆಳಿಗ್ಗೆ 6:45

ಚಕ್ರ ನಾನು ಕೊಡುತ್ತೇನೆ. ಶೆಡ್ಡಿನಲ್ಲಿ ಹಳೆಯ ಟ್ರಾಲಿಯದು ನಾಲ್ಕು ಇವೆ. ಗುಬ್ಬಿಯ ಮೇಲೆಯೇ ಹೋಗುತ್ತೇನೆ, ಬಸ್ ನಿಲ್ದಾಣದ ಹತ್ತಿರ ಬಂದು ತೆಗೆದುಕೊಳ್ಳಿ.

ಗುಬ್ಬಿ_ಅಣ್ಣ · ಜುಲೈ 29, ರಾತ್ರಿ 9:50

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಿ. ಮುಂಗಾರು ಕೈಕೊಟ್ಟು ಒಂದೇ ಓಡಾಟ.

ನಮ್ಮೂರಿನ ಬಡಗಿ ಎರಡು ದಿನದಲ್ಲಿ ಗಾಡಿ ಮಾಡಿಕೊಟ್ಟರು. ಮೊದಲ ಸ್ಪಂಜು ತೆಳುವಾಗಿ ಮೊಣಕಾಲು ಕೆಂಪಾಯಿತು, ಬದಲಾಯಿಸಿದೆವು. ಅಂಗಡಿಯ ಮುಂದಿನ ಹಲಗೆ ಕಿತ್ತು, ತಗಡಿನ ಚಾವಣಿಯನ್ನು ನಾಲ್ಕು ಅಡಿ ಮುಂದಕ್ಕೆ ಎಳೆದು, ಗಾಡಿ ನೇರವಾಗಿ ಒಳಗೆ ಹೋಗುವಂತೆ ಮಾಡಿದ್ದೇವೆ. ಈಗ ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಬೋರಲು ಮಲಗಿಯೇ ವ್ಯಾಪಾರ ಮಾಡುತ್ತಾನೆ. ಮಧ್ಯಾಹ್ನ ಅಪ್ಪ ನೋಡಿಕೊಳ್ಳುತ್ತಾರೆ. ರಾತ್ರಿಯ ಸರದಿಯನ್ನು ನಾನು, ಅಮ್ಮ, ನನ್ನ ಹೆಂಡತಿ ಹಂಚಿಕೊಂಡಿದ್ದೇವೆ. ಮೊದಲ ಮೂರು ವಾರ ಬಹಳ ಕಷ್ಟವಾಯಿತು. ಈಗ ಅವನು ಬೋರಲೇ ನಾಲ್ಕು ಗಂಟೆ ಮಲಗುತ್ತಾನೆ.

ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿದೆವು. ಸತ್ತ ಮಾಂಸವನ್ನು ಕತ್ತರಿಸಿ ತೆಗೆದರು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿದೆ. ಜ್ವರವಾಗಲಿ ಸುತ್ತ ಊತವಾಗಲಿ ಇಲ್ಲವಾದ್ದರಿಂದ ಆಂಟಿಬಯಾಟಿಕ್ ನಿಲ್ಲಿಸಿದರು. ಹಿಮೋಗ್ಲೋಬಿನ್ 9.1 ಇತ್ತು, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಪ್ರತಿ ಭಾನುವಾರ ಗಾಯದ ಪಕ್ಕ ಕಾಗದದ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯುತ್ತೇನೆ. ಉದ್ದ 4 ಸೆಂಟಿಮೀಟರ್ ಇದ್ದದ್ದು 2.5ಕ್ಕೆ ಬಂದಿದೆ, ಆಳ ಅರ್ಧದಷ್ಟಾಗಿದೆ. ಒಳಗೆಲ್ಲ ದಾಳಿಂಬೆ ಕಾಳಿನಂಥ ಕೆಂಪು ಮಾಂಸ. ಫ್ಲ್ಯಾಪ್ ಬೇಕಾಗದೇ ಇರಬಹುದು ಎಂದಿದ್ದಾರೆ.

ಬೀಡಿ ಪೂರ್ತಿ ಬಿಟ್ಟಿಲ್ಲ. ದಿನಕ್ಕೆ ಎರಡಕ್ಕೆ ಬಂದಿದೆ.

ಕೋಲಾರ_ನಿವೃತ್ತ_ದಾದಿ · ಜುಲೈ 29, ರಾತ್ರಿ 10:05

ದಾಳಿಂಬೆ ಕಾಳು ಎಂದಿರಲ್ಲ, ಅದನ್ನು ಓದಿ ಕಣ್ಣು ತುಂಬಿತು. ಆ ಎರಡನ್ನೂ ಬಿಡಲು ಹೇಳಿ.

ಫಿಸಿಯೋ_ಗೌರಿಬಿದನೂರು · ಜುಲೈ 29, ರಾತ್ರಿ 10:20

ಮುಚ್ಚಿಕೊಂಡ ತಕ್ಷಣ ಕೂರಿಸಬೇಡಿ. ಮಾಗಿದ ಕಲೆಗೆ ಹಳೆಯ ಚರ್ಮದ ಬಲ ಎಂದೂ ಪೂರ್ತಿ ಬರುವುದಿಲ್ಲ, ಹೆಚ್ಚೆಂದರೆ ಶೇ 80ರಷ್ಟು. ಮೊದಲ ದಿನ ಒಳ್ಳೆಯ ದಿಂಬಿನ ಮೇಲೆ 15 ನಿಮಿಷ, ಇಳಿಸಿ ಚರ್ಮ ನೋಡಿ, ಚೆನ್ನಾಗಿದ್ದರೆ ಮಾತ್ರ ಮುಂದೆ ಹೆಚ್ಚಿಸಿ. ಕುಳಿತಾಗ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಇಳಿಸಲಿ. ಕೈ ಊರಿ ಮೈ ಎತ್ತುವುದನ್ನು ಹೆಚ್ಚು ಹೊತ್ತು ಹಿಡಿಯಲಾಗುವುದಿಲ್ಲ, ಭುಜವೂ ಸವೆಯುತ್ತದೆ. ಮುಂದಕ್ಕೆ ಬಗ್ಗಿ ಎದೆಯನ್ನು ತೊಡೆಗೆ ತಂದು ಎರಡು ನಿಮಿಷ ಇರಲಿ. ರಕ್ತ ಮರಳಿ ತುಂಬಲು ಅಷ್ಟು ಹೊತ್ತು ಬೇಕು.

ಚಿಂತಾಮಣಿ_ಅಕ್ಕ · ಜುಲೈ 29, ರಾತ್ರಿ 10:41

ಸರದಿ ಹಂಚಿಕೊಂಡಿದ್ದೀರಿ ಎಂದು ಓದಿ ಸಂತೋಷವಾಯಿತು. ನಾನು ಇಲ್ಲಿ ಬರೆದದ್ದನ್ನು ನನ್ನ ನಾದಿನಿ ಓದಿದಳಂತೆ. ಹೋದ ತಿಂಗಳಿನಿಂದ ಶನಿವಾರ ರಾತ್ರಿ ಬಂದು ಉಳಿಯುತ್ತಾಳೆ.

ಪೆಟ್ಟಿಗೆ_ಅಂಗಡಿ · ಜುಲೈ 29, ರಾತ್ರಿ 11:02

ಗಾಲಿ ಮಧುಗಿರಿಯವರೇ, ಗಾಡಿಯ ಮುಂದಿನ ಚಕ್ರ ಮಳೆಯ ಕೆಸರಿನಲ್ಲಿ ಹೂತುಹೋಗುತ್ತಿದೆ. ನೀವು ಎಷ್ಟು ದೊಡ್ಡ ಚಕ್ರ ಹಾಕಿಸಿದ್ದಿರಿ?